ಬೆಂಕಿಯಿಲ್ಲದ ಸುಣ್ಣದ ಗೂಡು

ಅಮೆರಿಕದ ಪಶ್ಚಿಮ ಕರಾವಳಿಗೆ ಹೋಗಿ ಬಂದವರು ಊರಿನಲ್ಲಿ ಸಾಮಾನ್ಯವಾಗಿ ಮೂರು ವಿಷಯ ಹೇಳುತ್ತಾರೆ. ಒಂದು, ಗೋಲ್ಡನ್ ಗೇಟ್ ಸೇತುವೆ. ಎರಡು, ಸಿಲಿಕಾನ್ ಕಣಿವೆಯ ಕಂಪ್ಯೂಟರ್ ಕಂಪನಿಗಳ ವೈಭವ. ಮೂರು, ಜುಲೈ ತಿಂಗಳಲ್ಲೂ ಸ್ವೆಟರ್ ಹಾಕಿಸುವ ಸ್ಯಾನ್ ಫ್ರಾನ್ಸಿಸ್ಕೊದ ಮಂಜು. 2023ರ ಬೇಸಿಗೆಯಲ್ಲಿ ಅಲ್ಲಿ ಕೆಲವು ವಾರ ಕಳೆದ ನಾನು ಈ ಮೂರನ್ನೂ ನೋಡಿದೆ. ಅವುಗಳ ವರ್ಣನೆ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ನಾನು ಹೇಳಹೊರಟಿರುವುದು ಫ್ರೀಮಾಂಟ್ ಎಂಬ ಊರಿನ ಒಂದು ಗ್ಯಾರೇಜಿನ ಬಗ್ಗೆ. ಕಾರು ನಿಲ್ಲಬೇಕಾದ ಆ ಜಾಗದಲ್ಲಿ ನಮ್ಮ ಹತ್ತನೆಯ ತರಗತಿಯ ರಸಾಯನ ವಿಜ್ಞಾನದ ಪಾಠವೊಂದು ಹಗಲೂ ರಾತ್ರಿ ನಡೆಯುತ್ತಿತ್ತು.

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಡದಲ್ಲಿ, ಬೋಳು ಗುಡ್ಡಗಳ ಬುಡದಲ್ಲಿ ಹರಡಿಕೊಂಡ ಊರು ಫ್ರೀಮಾಂಟ್. ಮಳೆಗಾಲ ಮುಗಿದ ಮೇಲೆ ಈ ಗುಡ್ಡಗಳ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಊರಿನಲ್ಲಿ ಭಾರತೀಯರ ಸಂಖ್ಯೆ ದೊಡ್ಡದು. ಅಂಗಡಿಯಲ್ಲಿ ಕರಿಬೇವು, ಎಂಟಿಆರ್ ಪುಡಿ, ಕೊನೆಗೆ ವೀಳ್ಯದೆಲೆಯೂ ಸಿಗುತ್ತದೆ. ಕನ್ನಡಿಗರ ಒಂದು ಸಮಾರಂಭದಲ್ಲಿ ಕುಮಟಾ ಕಡೆಯ ಎಂಜಿನಿಯರ್ ಒಬ್ಬರ ಪರಿಚಯವಾಯಿತು. ನಾನು ವಿಜ್ಞಾನ ಪಾಠ ಮಾಡುವವನು ಎಂದು ತಿಳಿದದ್ದೇ ತಡ, "ಹಾಗಾದರೆ ನಮ್ಮನೆಗೆ ಬರಲೇಬೇಕು ಮಾಸ್ತರ್ರೇ, ನಿಮಗೊಂದು ಸುಣ್ಣದ ಗೂಡು ತೋರಿಸ್ತೇನೆ" ಎಂದರು. ಕ್ಯಾಲಿಫೋರ್ನಿಯಾದಲ್ಲಿ ಸುಣ್ಣದ ಗೂಡೇ ಎಂದು ನಾನು ಬೆರಗಾದೆ.

ಅಘನಾಶಿನಿ ಅಳಿವೆಯ ಕಡೆಯವರಿಗೆ ಸುಣ್ಣದ ಗೂಡು ಎಂದರೆ ವಿವರಿಸಬೇಕಾಗಿಲ್ಲ. ನದಿ ಸಮುದ್ರ ಸೇರುವಲ್ಲಿ ಸಿಗುವ ಚಿಪ್ಪನ್ನು ರಾಶಿ ಹಾಕಿ, ಗೂಡಿನಲ್ಲಿ ಇದ್ದಿಲಿನ ಜೊತೆ ಸುಟ್ಟರೆ ಸುಣ್ಣ. ಚಿಪ್ಪು ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಅನಿಲ ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಫ್ರೀಮಾಂಟ್ ಗೂಡಿನಲ್ಲಿ ನಡೆಯುತ್ತಿದ್ದುದು ಇದಕ್ಕೆ ಹೆಚ್ಚುಕಡಿಮೆ ತಿರುವುಮುರುವಾದ ಕೆಲಸ. ಅಲ್ಲಿ ಬೆಂಕಿ ಇಲ್ಲ; ಅನಿಲ ಹೊರಗೆ ಹೋಗುವುದಿಲ್ಲ, ಒಳಗೆ ಬರುತ್ತದೆ. ಸುಣ್ಣಕಲ್ಲು ಸುಡುವುದಿಲ್ಲ, ಕರಗುತ್ತದೆ.

ನಡುಮನೆಯ ಸಮುದ್ರ

ಮೊದಲು ಅವರು ಕರೆದೊಯ್ದದ್ದು ನಡುಮನೆಗೆ. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಗಾಜಿನ ತೊಟ್ಟಿ. ನೀರು ಸುಮಾರು 400 ಲೀಟರ್. ಒಳಗೆ ನೇರಳೆ, ಹಸಿರು, ಕಂದು ಬಣ್ಣದ ಹವಳದ ಕೊಂಬೆಗಳು. ಅವುಗಳ ತುದಿಯಲ್ಲಿ ಹೂವಿನ ಎಸಳಿನಂತೆ ಅಲುಗುವ ಸಣ್ಣ ಬಾಯಿಗಳು. ನಡುವೆ ಕಿತ್ತಳೆ ಬಣ್ಣದ ಎರಡು ಮೀನು.

ಹವಳ ಎಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಉಂಗುರಕ್ಕೆ ಕೂರಿಸುವ ಕೆಂಪು ಹರಳು. ಅದು ಬೇರೆ ಜಾತಿ. ಇಲ್ಲಿ ಹೇಳುತ್ತಿರುವುದು ಸಮುದ್ರದಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳ. ಅದು ಗಿಡವಲ್ಲ, ಕಲ್ಲೂ ಅಲ್ಲ, ಪ್ರಾಣಿ. ತನ್ನ ಮೈಯೊಳಗೆ ಸೂಕ್ಷ್ಮ ಪಾಚಿಯನ್ನು ಸಾಕಿಕೊಂಡ ಪ್ರಾಣಿ. ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಮನೆಯ ಒಡೆಯನಿಗೂ ಕೊಡುತ್ತದೆ. ಹವಳ ಅದಕ್ಕೆ ವಾಸಕ್ಕೆ ಜಾಗ ಕೊಡುತ್ತದೆ. ಹೀಗೆ ಹೊಟ್ಟೆ ತುಂಬಿದ ಹವಳ ಸಮುದ್ರದ ನೀರಿನಿಂದ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಹೀರಿಕೊಂಡು ಕಾಲಡಿಯಲ್ಲಿ ಸುಣ್ಣಕಲ್ಲಿನ ಅಸ್ಥಿಪಂಜರ ಕಟ್ಟುತ್ತಾ ಮೇಲೇರುತ್ತದೆ. ಲಕ್ಷದ್ವೀಪದ ಕವರತ್ತಿ, ಅಗತ್ತಿಯಂಥ ದ್ವೀಪಗಳು ನಿಂತಿರುವುದು ಇಂಥ ಜೀವಿಗಳು ಕಟ್ಟಿದ ತಳಪಾಯದ ಮೇಲೆ.

ಆ ಮನೆಯಿಂದ ಪೆಸಿಫಿಕ್ ಸಾಗರ ದೂರವೇನಿಲ್ಲ. ಆದರೆ ಆ ಕರಾವಳಿಯಲ್ಲಿ ಹವಳದ ದಿಬ್ಬವಿಲ್ಲ. ಉತ್ತರದಿಂದ ಹರಿದು ಬರುವ ಕ್ಯಾಲಿಫೋರ್ನಿಯಾ ಪ್ರವಾಹ ನೀರನ್ನು ತಣ್ಣಗೆ ಇಟ್ಟಿರುತ್ತದೆ. ದಿಬ್ಬ ಕಟ್ಟುವ ಹವಳಕ್ಕೆ ಸುಮಾರು 25 ಡಿಗ್ರಿ ಸೆಲ್ಸಿಯಸ್‌ನ ಬೆಚ್ಚನೆಯ ನೀರು ಬೇಕು. ಹಾಗಾಗಿ ತೊಟ್ಟಿಗೆ ಹೀಟರ್, ಬಿಸಿಲಿನ ಬದಲು ದೀಪ, ಅಲೆಯ ಬದಲು ಪಂಪು, ಸಮುದ್ರದ ಬದಲು ಶುದ್ಧೀಕರಿಸಿದ ನೀರಿಗೆ ಅಳೆದು ಹಾಕಿದ ಉಪ್ಪಿನ ಮಿಶ್ರಣ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು.

ಮನುಷ್ಯ ಹವಳವನ್ನು ತೊಟ್ಟಿಯಲ್ಲಿ ಬದುಕಿಸಲು ಕಲಿತದ್ದು ಇತ್ತೀಚೆಗೆ. ಜಕಾರ್ತದ ಲೀ ಚಿನ್ ಎಂಗ್ ಎಂಬುವರು ಸಮುದ್ರದಿಂದ ತಂದ ಜೀವಂತ ಬಂಡೆ ಮತ್ತು ಗಾಳಿಗುಳ್ಳೆಗಳಷ್ಟರಿಂದಲೇ ಹವಳ ಸಾಕುವ ವಿಧಾನವನ್ನು 1961ರಲ್ಲಿ ಬರೆದು ಪ್ರಕಟಿಸಿದರು. ಬದುಕಿಸುವುದು ಒಂದು, ಬೆಳೆಸುವುದು ಇನ್ನೊಂದು. ಬೆಳೆಯುವ ಹವಳ ನೀರಿನ ಸುಣ್ಣವನ್ನೆಲ್ಲ ತಿಂದು ಮುಗಿಸುತ್ತದೆ. ಅದನ್ನು ಮತ್ತೆ ತುಂಬುವುದು ಹೇಗೆ? 1990ರ ದಶಕದಲ್ಲಿ ಜರ್ಮನಿಯ ಅಕ್ವೇರಿಯಂ ಪ್ರಿಯರು ಬಳಕೆಗೆ ತಂದ ಉತ್ತರವೇ ಕ್ಯಾಲ್ಸಿಯಂ ರಿಯಾಕ್ಟರ್. ಅಂದರೆ ನಮ್ಮ ಕುಮಟಾದವರ ಸುಣ್ಣದ ಗೂಡು.

ಗ್ಯಾರೇಜಿನ ಪಾಠ

ಗ್ಯಾರೇಜಿನಲ್ಲಿ ಕಂಡದ್ದು ಎರಡಡಿ ಎತ್ತರದ ಒಂದು ಪಾರದರ್ಶಕ ಕೊಳವೆ. ಅದರ ತುಂಬ ಬಿಳಿಯ ಜಲ್ಲಿಯಂಥ ತುಂಡುಗಳು. ಎಂದೋ ಸತ್ತ ಹವಳದ ಅಸ್ಥಿಗಳನ್ನು ಒಡೆದು ಮಾಡಿದ ಜಲ್ಲಿ ಅದು. ಪಕ್ಕದಲ್ಲಿ ಗೋಡೆಗೆ ಸರಪಳಿ ಬಿಗಿದು ನಿಲ್ಲಿಸಿದ ಇಂಗಾಲದ ಡೈಆಕ್ಸೈಡ್ ಸಿಲಿಂಡರ್. ಅದರ ತಲೆಯ ಮೇಲೆ ಒತ್ತಡ ಇಳಿಸುವ ರೆಗ್ಯುಲೇಟರ್, ವಿದ್ಯುತ್ತಿನಿಂದ ತೆರೆದು ಮುಚ್ಚುವ ಕವಾಟ, ಗುಳ್ಳೆ ಎಣಿಸಲು ಬೆರಳುದ್ದದ ನೀರಿನ ಕೊಳವೆ. ನಡುಮನೆಯ ತೊಟ್ಟಿಯಿಂದ ಸಣ್ಣ ನಳಿಗೆಯಲ್ಲಿ ಬರುವ ನೀರು ಈ ಜಲ್ಲಿಯ ನಡುವೆ ಸುತ್ತಿ ಸುತ್ತಿ, ಇನ್ನೊಂದು ನಳಿಗೆಯಲ್ಲಿ ಹನಿಹನಿಯಾಗಿ ತೊಟ್ಟಿಗೆ ಮರಳುತ್ತದೆ.

ಮಕ್ಕಳೇ, ಈಗ ನಿಮ್ಮ ಪಾಠ ನೆನಪಿಸಿಕೊಳ್ಳಿ. ಸುಣ್ಣದ ತಿಳಿನೀರಿಗೆ ಇಂಗಾಲದ ಡೈಆಕ್ಸೈಡ್ ಹಾಯಿಸಿದರೆ ಏನಾಗುತ್ತದೆ? ಹಾಲಿನಂತೆ ಬೆಳ್ಳಗಾಗುತ್ತದೆ. ಇದನ್ನು ಎಲ್ಲರೂ ಬರೆಯುತ್ತಾರೆ. ಇನ್ನೂ ಹಾಯಿಸುತ್ತಲೇ ಹೋದರೆ? ಬಿಳುಪು ಮಾಯವಾಗಿ ನೀರು ಮತ್ತೆ ತಿಳಿಯಾಗುತ್ತದೆ. ಇದನ್ನು ಬರೆಯುವವರು ಕಡಿಮೆ. ಪರೀಕ್ಷೆಯಲ್ಲಿ ಒಂದು ಅಂಕ ಹೋಗುವುದು ಇಲ್ಲಿಯೇ. ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್, ಹೆಚ್ಚಿನ ಅನಿಲ ಮತ್ತು ನೀರಿನೊಡನೆ ಸೇರಿ, ಕರಗುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಆಗುತ್ತದೆ. ಗ್ಯಾರೇಜಿನ ಕೊಳವೆಯಲ್ಲಿ ನಡೆಯುತ್ತಿದ್ದುದು ಈ ಎರಡನೆಯ ಭಾಗ. ಅನಿಲ ಬೆರೆತ ನೀರು ಹುಳಿಯಾಗಿ, ಸತ್ತ ಹವಳವನ್ನು ಕರಗಿಸಿಕೊಂಡು, ಬದುಕಿರುವ ಹವಳಕ್ಕೆ ಒಯ್ಯುತ್ತದೆ. ಹಳೆಯ ಮನೆಯ ಕಲ್ಲಿನಿಂದ ಹೊಸ ಮನೆ.

ಸಮುದ್ರದ ನೀರಿನ ಪಿಎಚ್ ಸುಮಾರು 8.1. ಅಂದರೆ ತುಸು ಕ್ಷಾರೀಯ. ಕೊಳವೆಯೊಳಗೆ ಅದನ್ನು 6.5ರ ಆಸುಪಾಸಿಗೆ ಇಳಿಸುತ್ತಾರೆ. ಅಂತರ ಒಂದೂವರೆ ಅಂಕ ತಾನೇ ಎನ್ನಬೇಡಿ. ಪಿಎಚ್ ಒಂದು ಅಂಕ ಇಳಿದರೆ ಹುಳಿ ಹತ್ತು ಪಟ್ಟು ಏರುತ್ತದೆ. 8.1ರಿಂದ 6.5ಕ್ಕೆ ಬಂದರೆ ಸುಮಾರು ನಲವತ್ತು ಪಟ್ಟು. ಆ ಹುಳಿಯಲ್ಲಿ ಹವಳದ ಜಲ್ಲಿ ಮೆಲ್ಲಗೆ ಕರಗುತ್ತದೆ. ಇನ್ನೂ ಹುಳಿಯಾದರೆ ಜಲ್ಲಿ ಕೆಸರಾಗಿ ಕೂತುಬಿಡುತ್ತದೆ. ಕಡಿಮೆಯಾದರೆ ಕರಗುವುದೇ ಇಲ್ಲ.

ಒಂದು ಮನೆಯ ಜಮಾ ಖರ್ಚು

ಈ ಯಂತ್ರದ ಲೆಕ್ಕ ಇಡುತ್ತಿದ್ದವಳು ಆ ಮನೆಯ ಮಗಳು. ಒಂಬತ್ತನೆಯ ತರಗತಿ. ಪ್ರತಿದಿನ ಸಂಜೆ ಆರು ಗಂಟೆಗೆ ತೊಟ್ಟಿಯ ನೀರು ಸ್ವಲ್ಪ ತೆಗೆದು, ಬಣ್ಣದ ಹನಿ ಹಾಕಿ, ಸಿರಿಂಜಿನಿಂದ ಆಮ್ಲವನ್ನು ತೊಟ್ಟು ತೊಟ್ಟಾಗಿ ಬಿಡುತ್ತಾ, ನೀಲಿ ಬಣ್ಣ ಗುಲಾಬಿಗೆ ತಿರುಗಿದ ಕ್ಷಣ ನಿಲ್ಲಿಸಿ ಪುಸ್ತಕದಲ್ಲಿ ಬರೆಯುತ್ತಿದ್ದಳು. ನಮ್ಮಲ್ಲಿ ಪಿಯುಸಿ ಮಕ್ಕಳು ಬ್ಯೂರೆಟ್ ಹಿಡಿದು ಮಾಡುವ ಟೈಟ್ರೇಶನ್ ಅದೇ. "ಅಂಕಲ್, ಟೈಮ್ ಚೇಂಜ್ ಮಾಡಿದ್ರೆ ನಂಬರ್ ಸುಳ್ಳು ಹೇಳ್ತದೆ" ಎಂದಳು. ಹಗಲು ಪಾಚಿ ಉಸಿರಾಟದ ಅನಿಲವನ್ನು ಬಳಸಿಕೊಳ್ಳುವುದರಿಂದ ಪಿಎಚ್ ಏರುತ್ತದೆ, ರಾತ್ರಿ ಇಳಿಯುತ್ತದೆ. ದಿನದ ಒಂದೇ ಹೊತ್ತಿನಲ್ಲಿ ಅಳೆದರೆ ಮಾತ್ರ ಹೋಲಿಕೆಗೆ ಅರ್ಥ. ಪ್ರಯೋಗಾಲಯದ ದೊಡ್ಡ ನಿಯಮವೊಂದನ್ನು ಆ ಹುಡುಗಿ ಅಡುಗೆಮನೆಯ ಕಟ್ಟೆಯ ಮೇಲೆ ಕಲಿತಿದ್ದಳು.

ಅವಳು ಅಳೆಯುತ್ತಿದ್ದುದು ಕ್ಷಾರೀಯತೆ, ಅಂದರೆ ಮುಖ್ಯವಾಗಿ ಬೈಕಾರ್ಬೊನೇಟಿನ ಸಂಗ್ರಹ. ಅದರ ಅಳತೆಗೆ ಜರ್ಮನ್ ಡಿಗ್ರಿ ಎಂಬ ಮಾನವಿದೆ. ಒಂದು ಡಿಗ್ರಿ ಎಂದರೆ ಲೀಟರಿಗೆ 17.9 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ. ಆ ತೊಟ್ಟಿಯನ್ನು 8 ಡಿಗ್ರಿಯಲ್ಲಿ ಇಟ್ಟುಕೊಂಡಿದ್ದರು. ರಿಯಾಕ್ಟರ್ ನಿಲ್ಲಿಸಿದರೆ ದಿನಕ್ಕೆ ಒಂದು ಡಿಗ್ರಿ ಇಳಿಯುತ್ತಿತ್ತು. ಈಗ ಗುಣಿಸಿ: 400 ಲೀಟರ್ ಗುಣಿಸು 17.9 ಮಿಲಿಗ್ರಾಂ. ಸುಮಾರು 7 ಗ್ರಾಂ. ಅಷ್ಟು ಸುಣ್ಣಕಲ್ಲನ್ನು ಆ ಹವಳಗಳು ದಿನವೂ ಕಟ್ಟುತ್ತಿದ್ದವು. ವರ್ಷಕ್ಕೆ ಎರಡೂವರೆ ಕಿಲೋ!

ಇಲ್ಲಿ ಸ್ವಾರಸ್ಯವೊಂದಿದೆ. ಸಮುದ್ರದ ನೀರಿನಲ್ಲಿ ಕ್ಯಾಲ್ಸಿಯಂ ಲೀಟರಿಗೆ 420 ಮಿಲಿಗ್ರಾಂ. 400 ಲೀಟರಿನಲ್ಲಿ 168 ಗ್ರಾಂ. 7 ಗ್ರಾಂ ಸುಣ್ಣಕಲ್ಲಿಗೆ ಬೇಕಾಗುವುದು 3 ಗ್ರಾಮಿಗಿಂತ ಕಡಿಮೆ ಕ್ಯಾಲ್ಸಿಯಂ. ಆ ಲೆಕ್ಕದಲ್ಲಿ ದಾಸ್ತಾನು ಎರಡು ತಿಂಗಳಿಗೆ ಬರುತ್ತದೆ. ಆದರೆ ಬೈಕಾರ್ಬೊನೇಟಿನ 8 ಡಿಗ್ರಿ ಒಂದು ವಾರಕ್ಕೆ ಖಾಲಿ. ಕಣಜದಲ್ಲಿ ಭತ್ತವಿದ್ದೂ ಉಪ್ಪಿಲ್ಲದೆ ಅಡುಗೆ ನಿಂತಂತೆ. ಕ್ಯಾಲ್ಸಿಯಂ ಮಾತ್ರ ಸುರಿದರೆ ಪ್ರಯೋಜನವಿಲ್ಲ. ಎರಡನ್ನೂ ಹವಳ ತೆಗೆದುಕೊಂಡ ಪ್ರಮಾಣದಲ್ಲೇ ಹಿಂದಿರುಗಿಸಬೇಕು. ಸತ್ತ ಹವಳವನ್ನು ಕರಗಿಸಿದರೆ ಎರಡೂ ಅದೇ ಪ್ರಮಾಣದಲ್ಲಿ ಸಿಗುತ್ತವೆ. ಹೆಸರು ಕ್ಯಾಲ್ಸಿಯಂ ರಿಯಾಕ್ಟರ್ ಆದರೂ ಅದರ ಹೆಚ್ಚುಗಾರಿಕೆ ಇರುವುದು ಈ ಸಮತೋಲದಲ್ಲಿ.

ರಿಯಾಕ್ಟರಿನಿಂದ ಹೊರಬೀಳುವ ನೀರಿನ ಕ್ಷಾರೀಯತೆ 28 ಡಿಗ್ರಿ. ತೊಟ್ಟಿಗಿಂತ 20 ಡಿಗ್ರಿ ಹೆಚ್ಚು. 400 ಲೀಟರಿಗೆ ಒಂದು ಡಿಗ್ರಿ ತುಂಬಲು ಆ ಗಟ್ಟಿ ನೀರು ದಿನಕ್ಕೆ 20 ಲೀಟರ್ ಹರಿಯಬೇಕು. ನಿಮಿಷಕ್ಕೆ ಸುಮಾರು 14 ಮಿಲಿಲೀಟರ್. ಹನಿ ಹನಿಗೂಡಿದರೆ ಹಳ್ಳ ಎಂಬುದು ಇಲ್ಲಿ ಗಾದೆಯಲ್ಲ, ಲೆಕ್ಕ. ಹುಡುಗಿ ಅಳತೆಯ ಸಿಲಿಂಡರನ್ನು ನಳಿಗೆಯ ಕೆಳಗೆ ಹಿಡಿದು, ಗಡಿಯಾರ ನೋಡಿ, "ತರ್ಟೀನ್ ಅಂಡ್ ಹಾಫ್" ಎಂದು ಕೂಗಿದಳು. "ಕೂಸೇ, ನಲ್ಲಿಯಲ್ಲಿ ಸುಣ್ಣ ಕಟ್ಟಿರಬೇಕು, ಒರೆಸು" ಎಂದರು ಅಪ್ಪ.

ಎರಡು ತಿರುಪು, ಒಂದು ತಾಳ್ಮೆ

ಯಂತ್ರಕ್ಕೆ ಇರುವುದು ಎರಡೇ ತಿರುಪು. ಒಂದು ಗುಳ್ಳೆಯದು, ಇನ್ನೊಂದು ಹನಿಯದು. ಮೊದಲ ದಿನ ಜಲ್ಲಿಯ ಧೂಳು ಹೋಗುವಂತೆ ಚೆನ್ನಾಗಿ ತೊಳೆದು, ನಿಮಿಷಕ್ಕೆ ಹದಿನೈದು ಇಪ್ಪತ್ತು ಗುಳ್ಳೆಯಿಂದ ಶುರು ಮಾಡಿದರಂತೆ. ಒಂದು ದಿನ ಕಾಯಬೇಕು. ಅಳೆಯಬೇಕು. ಸಾಲದಿದ್ದರೆ ಒಂದು ತಿರುಪನ್ನು ಮಾತ್ರ, ಒಂದಿಷ್ಟು ಮಾತ್ರ ತಿರುಗಿಸಬೇಕು. ಮತ್ತೆ ಒಂದು ದಿನ ಕಾಯಬೇಕು. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತೆಂದು ದೇವರಿಗೂ ತಿಳಿಯದು. ಮಕ್ಕಳಿಗೆ ಒಂದು ಬಾರಿಗೆ ಒಂದೇ ಅಂಶ ಬದಲಿಸಿ ಪ್ರಯೋಗ ಮಾಡಿ ಎಂದು ಕಲಿಸುವುದು ಇದಕ್ಕೇ.

ಅಪಾಯವೂ ಇದೆ. ಸಿಲಿಂಡರಿನೊಳಗೆ ಇಂಗಾಲದ ಡೈಆಕ್ಸೈಡ್ ಬಹುಪಾಲು ದ್ರವರೂಪದಲ್ಲಿರುತ್ತದೆ. ದ್ರವ ಇರುವವರೆಗೆ ಒತ್ತಡದ ಮುಳ್ಳು ಒಂದೇ ಕಡೆ ನಿಂತಿರುತ್ತದೆ. ಅರ್ಧ ಖಾಲಿಯಾದರೂ ತುಂಬಿದಂತೆಯೇ ತೋರುತ್ತದೆ. ಮುಳ್ಳು ಇಳಿಯತೊಡಗಿತೆಂದರೆ ದ್ರವ ಮುಗಿದು ಬರಿಯ ಅನಿಲ ಉಳಿದಿದೆ ಎಂದರ್ಥ. ನಮ್ಮ ಅಡುಗೆ ಸಿಲಿಂಡರನ್ನು ಎತ್ತಿ ತೂಕ ನೋಡುವ ಗೃಹಿಣಿಯರಿಗೆ ಇದು ಹೊಸದಲ್ಲ. ಕೆಲವು ರೆಗ್ಯುಲೇಟರುಗಳು ಈ ಕೊನೆಯ ಘಟ್ಟದಲ್ಲಿ ಹಿಡಿತ ತಪ್ಪಿ ಅನಿಲವನ್ನು ಹೆಚ್ಚಾಗಿ ಬಿಟ್ಟುಬಿಡುತ್ತವೆ. ಆ ಮನೆಯಲ್ಲಿ ಒಂದು ರಾತ್ರಿ ಹಾಗೆ ಆಗಿತ್ತು. ಬೆಳಗಾಗುವ ಹೊತ್ತಿಗೆ ತೊಟ್ಟಿಯ ಪಿಎಚ್ 7.5. ಮೂರು ವರ್ಷ ಬೆಳೆಸಿದ ಕೊಂಬೆಯೊಂದರ ಮೈ ಕಳಚಿ ಬಿಳಿಯ ಅಸ್ಥಿ ಉಳಿದಿತ್ತು. ಅದನ್ನು ಅವರು ಎಸೆದಿರಲಿಲ್ಲ. ಒಡೆದು ರಿಯಾಕ್ಟರಿನ ಜಲ್ಲಿಗೆ ಸೇರಿಸಿದ್ದರು. ಆಮೇಲೆ ಪಿಎಚ್ ತೀರಾ ಇಳಿದರೆ ಅನಿಲವನ್ನು ತಾನಾಗಿ ಕತ್ತರಿಸುವ ನಿಯಂತ್ರಕವನ್ನೂ ಹಾಕಿಸಿದರು.

"ಯಂತ್ರ ಒಂದೇ ಅಲ್ಲ ಮಾಸ್ತರ್ರೇ, ನಾವೂ ತೊಂದರೆ ಕೊಡ್ತೇವೆ" ಎಂದು ಅವರು ಪುಸ್ತಕದ ಒಂದು ಪುಟ ತೋರಿಸಿದರು. ಅದು ಗಣೇಶನ ಹಬ್ಬದ ದಿನದ ಪುಟ. ಮನೆಗೆ ಮೂವತ್ತು ಜನ ನೆಂಟರಿಷ್ಟರು ಬಂದಿದ್ದರು. ಕಿಟಕಿಗಳು ಮುಚ್ಚಿದ್ದವು. ಸಂಜೆಯ ಹೊತ್ತಿಗೆ ತೊಟ್ಟಿಯ ಪಿಎಚ್ ಎಂದಿನಷ್ಟಿಲ್ಲ, ಕೆಳಗೆ ಸರಿದಿದೆ. ರಿಯಾಕ್ಟರ್ ಸರಿಯಾಗಿಯೇ ಇತ್ತು. ಮೂವತ್ತು ಜನರ ಉಸಿರು ಕೋಣೆಯ ಗಾಳಿಯಲ್ಲಿ ತುಂಬಿ, ಅಲ್ಲಿಂದ ನೀರಿಗೆ ಇಳಿದಿತ್ತು. ಕಿಟಕಿ ತೆರೆದಿಟ್ಟ ಮೇಲೆ ಪಿಎಚ್ ಮತ್ತೆ ಏರಿತು. ಮರುದಿನದ ಟಿಪ್ಪಣಿಯಲ್ಲಿ ಹುಡುಗಿ ಬರೆದದ್ದು ಎರಡೇ ಪದ: ಕಿಟಕಿ ತೆರೆಯಿರಿ.

ಕಿಟಕಿ ಇಲ್ಲದ ಕೋಣೆ

ಒಂದು ದಿನ ಸ್ಯಾನ್ ಫ್ರಾನ್ಸಿಸ್ಕೊಕ್ಕೆ ಹೋದೆ. ಫ್ರೀಮಾಂಟಿನಿಂದ ಬಾರ್ಟ್ ರೈಲಿನಲ್ಲಿ ಕೊಲ್ಲಿಯನ್ನು ದಾಟಿ, ನಗರದಲ್ಲಿ ಎನ್ ಜೂಡಾ ಎಂಬ ಟ್ರಾಮ್ ಹಿಡಿದು ಒಂಬತ್ತನೇ ಅವೆನ್ಯೂದಲ್ಲಿ ಇಳಿದರೆ ಗೋಲ್ಡನ್ ಗೇಟ್ ಪಾರ್ಕ್ ಕಾಲ್ನಡಿಗೆಯಲ್ಲಿದೆ. ಅಲ್ಲಿ ಕ್ಯಾಲಿಫೋರ್ನಿಯಾ ವಿಜ್ಞಾನ ಅಕಾಡೆಮಿಯ ಕಟ್ಟಡ. ಇಟಲಿಯ ವಾಸ್ತುಶಿಲ್ಪಿ ರೆಂಜೊ ಪಿಯಾನೊ ರೂಪಿಸಿದ್ದು, 2008ರಲ್ಲಿ ತೆರೆದದ್ದು. ಎರಡೂವರೆ ಎಕರೆಯ ಚಾವಣಿಯ ಮೇಲೆ ಮಣ್ಣು ಹಾಕಿ ಗಿಡ ಬೆಳೆಸಿದ್ದಾರೆ. ನೋಡಲು ಹಸಿರು ದಿನ್ನೆಗಳಂತಿದೆ. ನೆಲಮಾಳಿಗೆಯಲ್ಲಿ ಸ್ಟೈನ್‌ಹಾರ್ಟ್ ಅಕ್ವೇರಿಯಂ. ಅದರಲ್ಲಿ ಫಿಲಿಪ್ಪೀನ್ಸ್ ಹವಳ ದಿಬ್ಬದ ತೊಟ್ಟಿ 25 ಅಡಿ ಆಳ. ನೀರು 2,12,000 ಗ್ಯಾಲನ್, ಅಂದರೆ ಸುಮಾರು ಎಂಟು ಲಕ್ಷ ಲೀಟರ್. ಫ್ರೀಮಾಂಟಿನ ತೊಟ್ಟಿಯಂಥವು ಎರಡು ಸಾವಿರ ಅದರೊಳಗೆ ಹಿಡಿಸುತ್ತವೆ. ಶಾಲಾ ಮಕ್ಕಳು ಗಾಜಿಗೆ ಮೂಗು ಒತ್ತಿ ನಿಂತಿದ್ದರು. ಮೇಲಿನಿಂದ ಬೀಳುವ ಬೆಳಕಿನಲ್ಲಿ ಮೀನಿನ ಹಿಂಡು ಒಂದೇ ಬಾರಿಗೆ ತಿರುಗಿದಾಗ ಎಲ್ಲರ ಬಾಯಿಂದಲೂ ಒಂದೇ ಉದ್ಗಾರ.

ಅಕಾಡೆಮಿಯಿಂದ ಹೊರಬಂದು ಅದೇ ಟ್ರಾಮ್ ಹತ್ತಿದರೆ ಕೊನೆಯ ನಿಲ್ದಾಣ ಸಮುದ್ರದ ಹತ್ತಿರ. ಮಂಜು ಮುಸುಕಿದ ಬೂದು ಬಣ್ಣದ ಪೆಸಿಫಿಕ್. ಕಾಲು ಅದ್ದಿದರೆ ಮೈ ಜುಮ್ಮೆನ್ನುವ ತಣ್ಣೀರು. ಈ ಕರಾವಳಿಯ ಒಂದು ವಿಶೇಷವೆಂದರೆ, ವಸಂತ ಮತ್ತು ಬೇಸಿಗೆಯ ಗಾಳಿ ಮೇಲಿನ ನೀರನ್ನು ಆಚೆಗೆ ತಳ್ಳಿದಾಗ ಆಳದ ನೀರು ಮೇಲೆದ್ದು ಬರುತ್ತದೆ. ಆಳದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಮೊದಲೇ ಹೆಚ್ಚು. ಅದರ ಮೇಲೆ ನಮ್ಮ ಕಾರ್ಖಾನೆ, ವಾಹನಗಳ ಹೊಗೆಯ ಪಾಲೂ ಸೇರಿಕೊಂಡಿದೆ. ಉತ್ತರಕ್ಕಿರುವ ಆರಿಗನ್ ರಾಜ್ಯದ ಕರಾವಳಿಯಲ್ಲಿ, ಸಿಂಪಿಯ ಮರಿ ಮಾಡುವ ಕೇಂದ್ರವೊಂದರಲ್ಲಿ, 2007ರಿಂದೀಚೆಗೆ ಮರಿಗಳು ರಾಶಿರಾಶಿಯಾಗಿ ಸತ್ತವು. ರೋಗವೆಂದು ಹುಡುಕಿದರು. ಕೊನೆಗೆ ತಿಳಿದದ್ದು ನೀರಿನ ಹುಳಿ. ಮೊದಲ ಒಂದೆರಡು ದಿನಗಳಲ್ಲೇ ಚಿಪ್ಪು ಕಟ್ಟಬೇಕಾದ ಮರಿಗೆ ಆ ನೀರಿನಲ್ಲಿ ಚಿಪ್ಪು ಕಟ್ಟುವುದೇ ದುಸ್ತರವಾಗಿತ್ತು. ಈಗ ನೀರಿನ ಹುಳಿಯನ್ನು ಅಳೆಯುತ್ತಾ, ಸೋಡಿಯಂ ಕಾರ್ಬೊನೇಟ್ ಬೆರೆಸಿ ಸರಿಪಡಿಸಿಕೊಂಡು ಮರಿ ಮಾಡುತ್ತಾರೆ.

ಗ್ಯಾರೇಜಿನ ಕೊಳವೆಯಲ್ಲಿ ಕಂಡದ್ದೇ ಇಲ್ಲಿ ಕಡಲಿನಲ್ಲಿ ನಡೆದಿದೆ. ಕಲ್ಲಿದ್ದಲು, ಪೆಟ್ರೋಲು ಉರಿಸುವ ಕಾಲಕ್ಕೆ ಮುಂಚೆ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 280 ಪಾಲು ಇತ್ತು. ಈಗ 420 ದಾಟಿದೆ. ನಾವು ಬಿಡುವ ಅನಿಲದಲ್ಲಿ ಸುಮಾರು ಕಾಲುಭಾಗವನ್ನು ಸಮುದ್ರ ನುಂಗುತ್ತದೆ. ಸಮುದ್ರದ ಮೇಲ್ಪದರದ ಪಿಎಚ್ ಆಗಿನಿಂದ 8.2ರಿಂದ 8.1ಕ್ಕೆ ಇಳಿದಿದೆ. 0.1 ಎಂದರೆ ಅಲ್ಪವೆನಿಸಬಹುದು. ಹುಳಿಯ ಲೆಕ್ಕದಲ್ಲಿ ಅದು ಶೇಕಡಾ 25ಕ್ಕೂ ಹೆಚ್ಚು ಏರಿಕೆ. ಗಣೇಶನ ಹಬ್ಬದ ಮನೆಯಂತೆ ಇಲ್ಲಿಯೂ ಉಸಿರು ತುಂಬಿಕೊಳ್ಳುತ್ತಿದೆ. ಆದರೆ ಈ ಕೋಣೆಗೆ ತೆರೆಯಲು ಕಿಟಕಿ ಇಲ್ಲ, ಪಿಎಚ್ ಇಳಿದರೆ ಅನಿಲ ಕತ್ತರಿಸುವ ನಿಯಂತ್ರಕವೂ ಇಲ್ಲ. ಅತಿಯಾದರೆ ಅಮೃತವೂ ವಿಷ. ಅಳೆದು ಕೊಟ್ಟಾಗ ಹವಳಕ್ಕೆ ಸುಣ್ಣ ತಂದುಕೊಡುವ ಅದೇ ಅನಿಲ, ಅಳತೆ ಮೀರಿದರೆ ಅದರ ಮನೆ ಕಟ್ಟುವ ಕೆಲಸವನ್ನೇ ಕಷ್ಟಕ್ಕೆ ತಳ್ಳುತ್ತದೆ.

ಹುಳಿಗಿಂತ ಬೇಗ ಕೊಲ್ಲುವುದು ಬಿಸಿ. ನೀರಿನ ಶಾಖ ಕೆಲವು ವಾರ ಎಂದಿಗಿಂತ ಒಂದೆರಡು ಡಿಗ್ರಿ ಹೆಚ್ಚಾದರೆ ಹವಳ ತನ್ನೊಳಗಿನ ಪಾಚಿಯನ್ನು ಹೊರದಬ್ಬಿ ಬಿಳಿಚಿಕೊಳ್ಳುತ್ತದೆ. ನಮ್ಮ ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗಾಯಿತು. ಎರಡು ಪೆಟ್ಟುಗಳ ನಡುವೆ ಹವಳಕ್ಕೆ ಚೇತರಿಸಿಕೊಳ್ಳಲು ಕಾಲಾವಕಾಶ ಬೇಕು. ಚೇತರಿಸಿಕೊಳ್ಳಬೇಕೆಂದರೆ ಮತ್ತೆ ಸುಣ್ಣ ಕಟ್ಟಬೇಕು. ಒಂದು ಕಡೆ ಬಿಸಿ ಕೆಡವುತ್ತದೆ, ಇನ್ನೊಂದು ಕಡೆ ಹುಳಿ ಕಟ್ಟಲು ಬಿಡುವುದಿಲ್ಲ.

ತಂದೆ ತಾಯಿಯರಿಗೆ, ಮಕ್ಕಳಿಗೆ

ಇಷ್ಟು ಓದಿದ ಮೇಲೆ ಕೆಲವು ಮಕ್ಕಳು, ನಮ್ಮ ಮನೆಯಲ್ಲೂ ಹವಳದ ತೊಟ್ಟಿ ಇಡೋಣ ಎಂದು ಅಪ್ಪ ಅಮ್ಮನಿಗೆ ದುಂಬಾಲು ಬೀಳಬಹುದು. ಬೇಡ. ಅಮೆರಿಕದಲ್ಲಿ ಹವ್ಯಾಸಿಗಳು ತಮ್ಮ ತೊಟ್ಟಿಯಲ್ಲಿ ಬೆಳೆದ ಹವಳದ ತುಂಡನ್ನು, ನಾವು ದಾಸವಾಳದ ಕಡ್ಡಿ ಕೊಟ್ಟಂತೆ, ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಾರೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ 2001ರಲ್ಲಿ ಗಟ್ಟಿ ಹವಳಗಳನ್ನು ಸೇರಿಸಲಾಗಿದೆ. ಹುಲಿ ಆನೆಗಳಿಗೆ ಇರುವ ರಕ್ಷಣೆಯೇ ಹವಳಕ್ಕೂ ಇದೆ. ಸಮುದ್ರತೀರದ ಅಂಗಡಿಯಲ್ಲಿ ಯಾರಾದರೂ ಬಿಳಿಯ ಹವಳದ ತುಂಡು ತೋರಿಸಿದರೆ ಕೊಳ್ಳಬೇಡಿ. ಇದಕ್ಕೆ ಕಾರಣವಿದೆ. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಒಂದು ಕಾಲಕ್ಕೆ ಹವಳದ ಬಂಡೆಗಳನ್ನೇ ಕಿತ್ತು ಸುಣ್ಣಕ್ಕೂ ಕಟ್ಟಡಕ್ಕೂ ಬಳಸುತ್ತಿದ್ದರು. ಶತಮಾನಗಳಲ್ಲಿ ಕಟ್ಟಿದ್ದು ಗೂಡಿನಲ್ಲಿ ಒಂದು ದಿನದಲ್ಲಿ ಬೂದಿಯಾಗುತ್ತಿತ್ತು.

ಹವಳ ನೋಡಬೇಕೆಂದರೆ ಅದು ಇರುವಲ್ಲಿಗೇ ಹೋಗಬಹುದು. ಲಕ್ಷದ್ವೀಪ ದೂರವಾದರೆ ನಮ್ಮದೇ ರಾಜ್ಯದ ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಬಹುದಾದ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಮುಟ್ಟದೆ, ಮುರಿಯದೆ, ಮೇಲೆ ನಿಲ್ಲದೆ ನೋಡಿ ಬರಬೇಕು.

ಆದರೆ ಪ್ರಯೋಗಕ್ಕೆ ಹವಳ ಬೇಕಿಲ್ಲ, ಸಿಲಿಂಡರ್ ಬೇಕಿಲ್ಲ. ಅಜ್ಜಿಯ ಎಲೆ ಅಡಿಕೆ ತಟ್ಟೆ ಸಾಕು. ಅಡಿಕೆ ಗಾತ್ರದ ಸುಣ್ಣವನ್ನು ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಕದಡಿ, ಮುಚ್ಚಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ಮೇಲಿನ ತಿಳಿಯನ್ನು ಕಾಲು ಲೋಟದಷ್ಟು ಬಗ್ಗಿಸಿಕೊಳ್ಳಿ. ಹೀರುಕೊಳವೆಯಿಂದ ಊದಿ, ಬೆಳ್ಳಗಾಗುತ್ತದೆ. ಊದಬೇಕೇ ಹೊರತು ಹೀರಬಾರದು. ಸುಣ್ಣ ಕಣ್ಣಿಗೆ ಬೀಳದಂತೆ ದೊಡ್ಡವರು ಜೊತೆಯಲ್ಲಿರಲಿ. ಈಗ ಆ ಬಿಳಿಯ ನೀರಿಗೆ ಅಂಗಡಿಯ ತಣ್ಣನೆಯ ಸಾದಾ ಸೋಡಾವನ್ನು ಒಂದು ಲೋಟದವರೆಗೆ ಮೆಲ್ಲಗೆ ಸುರಿಯುತ್ತಾ ಹೋಗಿ. ಬಿಳುಪು ಕರಗುತ್ತದೆ. ಫ್ರೀಮಾಂಟಿನ ಗ್ಯಾರೇಜಿನಲ್ಲಿ ನಡೆಯುವುದು ಇದು. ಆ ತಿಳಿಯಾದ ನೀರನ್ನು ಪಾತ್ರೆಗೆ ಹಾಕಿ ಕುದಿಸಿ. ಅನಿಲ ಹಾರಿಹೋಗಿ ಸುಣ್ಣ ಮತ್ತೆ ಬೆಳ್ಳಗೆ ಕಾಣಿಸಿಕೊಳ್ಳುತ್ತದೆ. ನಿಮ್ಮ ಮನೆಯ ಬಿಸಿನೀರಿನ ಹಂಡೆಯ ಒಳಗೆ ಕಟ್ಟುವ ಬಿಳಿಯ ಗಾರೆ ಇದೇ. ಹಂಡೆಗೆ ಬೆಂಕಿ ಬೇಕು. ಹವಳ ಬೆಂಕಿಯಿಲ್ಲದೆ, ಬೆಳಕಿನ ಬಲದಿಂದ ಅದೇ ಕೆಲಸ ಮಾಡುತ್ತದೆ.

ಪ್ರಯೋಗ ಮಾಡಿದವರು ಒಂದು ಪುಸ್ತಕ ಇಡಿ. ಎಷ್ಟು ಸುಣ್ಣದ ತಿಳಿಗೆ ಎಷ್ಟು ಸೋಡಾ ಬೇಕಾಯಿತು, ಎಷ್ಟು ಹೊತ್ತಿನಲ್ಲಿ ತಿಳಿಯಾಯಿತು ಎಂದು ಬರೆಯಿರಿ. ಸೋಡಾ ತಣ್ಣಗಿದ್ದಾಗ ಒಮ್ಮೆ, ಬೆಚ್ಚಗಿದ್ದಾಗ ಒಮ್ಮೆ ಮಾಡಿ ನೋಡಿ. ಉಳಿದದ್ದನ್ನೆಲ್ಲ ಹಾಗೆಯೇ ಇಡಿ. ತಣ್ಣನೆಯ ನೀರು ಹೆಚ್ಚು ಅನಿಲವನ್ನು ಹಿಡಿದಿಟ್ಟುಕೊಳ್ಳುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಪುಸ್ತಕದಲ್ಲೇ ಸಿಗುತ್ತದೆ.